ಆವ್ಪ್ ಹಿಡಿಯೋದು ಹೆಂಗೆ: ಒಂದೂವರೆ ಸೆಕೆಂಡಿನ ಲೆಕ್ಕದಿಂದ ಶುರು ಮಾಡಿ

ಕೌಂಟರ್ ಸ್ಟ್ರೈಕ್ 2 (ಟೆರರಿಸ್ಟ್ ಟೀಮಿಗೂ ಕೌಂಟರ್ ಟೆರರಿಸ್ಟ್ ಟೀಮಿಗೂ ನಡೆಯೋ ಕಂಪ್ಯೂಟರ್ ಶೂಟಿಂಗ್ ಗೇಮು) ಆಡೋರಿಗೆಲ್ಲ ಈ ಮನುಷ್ಯ ಗೊತ್ತಿರ್ತಾನೆ. ಮುಂಬೈ ಸರ್ವರಲ್ಲಿ ಮ್ಯಾಚ್ ಸಿಕ್ಕ ತಕ್ಷಣ "ಭಾಯ್ ಎಡಬ್ಲ್ಯೂಪಿ ಡ್ರಾಪ್ ಕರ್" ಅಂತ, ಅಂದ್ರೆ ಆವ್ಪ್ ಅನ್ನೋ ದುಬಾರಿ ಸ್ನೈಪರ್ ಗನ್ನು ನನಗೆ ಕೊಡ್ಸು ಅಂತ ಶುರು ಹಚ್ಕೋತಾನೆ, ಯಾರೋ ಪಾಪ ಅಂತ ಕೊಡಿಸ್ತಾರೆ, ಎರಡು ಶಾಟ್ ಗೋಡೆಗೆ ಹೊಡ್ದು ಸತ್ತೋಗ್ತಾನೆ, ಆಮೇಲೆ ಅದೇ ಗನ್ನು ಎದುರು ಟೀಮಿನವನ ಕೈಗೆ ಸಿಕ್ಕಿ ಮುಂದಿನ ಮೂರು ರೌಂಡು ನಮ್ಮನ್ನೇ ಹೊಡೆಯುತ್ತೆ. ಸುಮಾರು ವರ್ಷ ಆ ಮನುಷ್ಯ ನಾನೇ ಆಗಿದ್ದೆ ಗುರು, ಮುಚ್ಚಿಡೋದೇನಿದೆ.

ಮಂಡ್ಯದಲ್ಲಿ ಪಿಯುಸಿ ಓದೋವಾಗ ಟ್ಯೂಷನ್ ತಪ್ಪಿಸಿ ಬ್ರೌಸಿಂಗ್ ಸೆಂಟರಲ್ಲಿ ಹಳೇ ಕೌಂಟರ್ ಸ್ಟ್ರೈಕ್ 1.6 ಆಡ್ತಿದ್ವಿ, ಅಲ್ಲಿ ಬಿ 4 6 ಒತ್ತಿದ್ರೆ ಹಸಿರು ಬಣ್ಣದ ಆ ಉದ್ದ ಗನ್ನು ಬರೋದು (ಟೆರರಿಸ್ಟ್ ಕಡೆ ಆದ್ರೆ ಬಿ 4 5), ಬೈ ಮೆನುವಲ್ಲಿ ಹೆಸರು ಮ್ಯಾಗ್ನಮ್ ಸ್ನೈಪರ್ ರೈಫಲ್ ಅಂತ ಇತ್ತು. ಅವಾಗಿಂದ ಆಸೆ. ಈಗ ಮೈಸೂರಲ್ಲಿ ಕೆಲಸ, ಮಾವನ ಮಗ ಇಲ್ಲೇ ಇಂಜಿನಿಯರಿಂಗ್ ಓದ್ತಾ ನಮ್ಮನೇಲೇ ಇದಾನೆ, ಹೋದ್ವರ್ಷ ಅವನಿಗೆ ಕಲಿಸೋಕೆ ಕೂತಾಗ್ಲೇ ನಾನು ಏನು ತಪ್ಪು ಮಾಡ್ತಿದ್ದೆ ಅಂತ ನನಗೂ ಸರಿಯಾಗಿ ಅರ್ಥ ಆಗಿದ್ದು. ಅದನ್ನೇ ಬರೀತಿದೀನಿ, ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದ್ಲು ಗನ್ನಿನ ಲೆಕ್ಕ

ಇದನ್ನ ಹಾರಿಸ್ಕೊಂಡು ಮುಂದಕ್ಕೆ ಹೋಗ್ಬೇಡಿ, ಮುಂದಿನ ಪ್ರತಿ ಹೆಜ್ಜೇನೂ ಇದರ ಮೇಲೇ ನಿಂತಿರೋದು. ಆವ್ಪ್ ಬೆಲೆ ಗೇಮಿನ ದುಡ್ಡಲ್ಲಿ 4750. ಎದೆಗೆ ಬಿದ್ರೆ ಎದುರಿನವನು ವೆಸ್ಟ್ ಹಾಕಿದ್ರೂ 112ರ ಹತ್ರ ಡ್ಯಾಮೇಜು, ಇರೋ ಜೀವ 100, ಅಂದ್ರೆ ಒಂದೇ ಗುಂಡಿಗೆ ಫಿನಿಶ್. ಹೊಟ್ಟೆಗೆ ಬಿದ್ರೆ ಇನ್ನೂ ಜಾಸ್ತಿ. ಕಾಲಿಗೆ ಬಿದ್ರೆ ಮಾತ್ರ 86ರ ಆಸುಪಾಸು, ಅವನು ಬದುಕ್ತಾನೆ, ಬದುಕಿ ನಿಮ್ಮನ್ನ ಹೊಡೀತಾನೆ. ಮ್ಯಾಗಜೀನಲ್ಲಿ 5 ಗುಂಡು, ಮುಂಚೆ 10 ಇತ್ತು, 2022ರ ನವೆಂಬರಲ್ಲಿ ಗೇಮ್ ಮಾಡಿರೋ ವಾಲ್ವ್‌ನವರು ಅರ್ಧಕ್ಕೆ ಇಳಿಸಿದ್ರು. ಗನ್ ಕೈಲಿ ಹಿಡ್ಕೊಂಡು ಓಡೋ ಸ್ಪೀಡು ಸೆಕೆಂಡಿಗೆ 200 ಯುನಿಟ್ (ಗೇಮಿನ ಒಳಗಿನ ಅಳತೆ), ಸ್ಕೋಪ್ ಹಾಕಿದ್ರೆ 100, ಚಾಕು ಹಿಡಿದು ಓಡಿದ್ರೆ 250.

ಇಷ್ಟೆಲ್ಲ ಸರಿ, ಆದ್ರೆ ಮುಖ್ಯವಾದ ನಂಬರ್ ಇನ್ನೊಂದಿದೆ. ಒಂದು ಗುಂಡು ಹೊಡೆದ ಮೇಲೆ ಇನ್ನೊಂದು ಗುಂಡು ಹಾರ್ಬೇಕು ಅಂದ್ರೆ ಬೋಲ್ಟ್ ಎಳೆದು ತಳ್ಳಿ ಸುಮಾರು 1.45 ಸೆಕೆಂಡು ಬೇಕು. ಎಕೆ 47 ನಿಮಿಷಕ್ಕೆ 600 ಗುಂಡು ಹಾರಿಸುತ್ತೆ, ಅಂದ್ರೆ ನೀವು ಬೋಲ್ಟ್ ಎಳೀತಿರೋ ಅಷ್ಟು ಹೊತ್ತಲ್ಲಿ ಎದುರಿನವನು 14 ಗುಂಡು ಬಿಟ್ಟಿರ್ತಾನೆ. ಒಂದು ತಲೆಗೆ ಬಿದ್ರೆ ಸಾಕು, ಹೆಲ್ಮೆಟ್ ಇದ್ರೂ ಅಷ್ಟೇ.

ನಾನು ವರ್ಷಗಟ್ಲೆ ಮಾಡಿದ ತಪ್ಪು ಇದೇ. ಮೊದಲ ಗುಂಡು ಹೆಂಗೆ ಕರೆಕ್ಟಾಗಿ ಹೊಡೀಬೇಕು ಅಂತ ಮಾತ್ರ ತಲೆ ಕೆಡಿಸ್ಕೊಂಡಿದ್ದೆ, ಹೊಡೆದಾದ ಮೇಲೆ ಆ ಒಂದೂವರೆ ಸೆಕೆಂಡು ಎಲ್ಲಿರ್ಬೇಕು ಅಂತ ಒಂದು ದಿನಾನೂ ಯೋಚ್ನೆ ಮಾಡಿರ್ಲಿಲ್ಲ. ಆವ್ಪ್ ಕಷ್ಟದ ಗನ್ನು ಅನ್ನೋದು ಎಯಿಮ್ ವಿಷ್ಯಕ್ಕಲ್ಲ, ಅದರಲ್ಲಿ ಎದೆ ಎಷ್ಟಗಲ ಇದೆ ನೋಡಿ, ತಲೆಗೆ ಇಡೋ ಎಕೆಗಿಂತ ಇದು ಸುಲಭ. ಕಷ್ಟ ಇರೋದು ಆ ಗ್ಯಾಪಲ್ಲಿ.

ಮೌಸು, ಸೆನ್ಸಿಟಿವಿಟಿ, ಬೇಗ ಮುಗಿಸ್ಬಿಡೋಣ

ಇದಕ್ಕೆ ಜನ ತಿಂಗಳುಗಟ್ಲೆ ಟೈಮ್ ವೇಸ್ಟ್ ಮಾಡ್ತಾರೆ. ಮೌಸ್ ಡಿಪಿಐ 400, ಗೇಮಲ್ಲಿ ಸೆನ್ಸಿಟಿವಿಟಿ 2, ಇಲ್ಲ 800 ಇದ್ರೆ 1. ಎರಡೂ ಒಂದೇ, ಪೂರ್ತಿ ಒಂದು ಸುತ್ತು ತಿರುಗೋಕೆ ಮೌಸ್ ಸುಮಾರು 52 ಸೆಂಟಿಮೀಟರ್ ಸರಿಸ್ಬೇಕಾಗುತ್ತೆ. ಟೇಬಲ್ ಚಿಕ್ಕದಿದ್ರೆ, ಕೀಬೋರ್ಡ್ ಪಕ್ಕ ಅಮ್ಮ ಇಟ್ಟ ತಿಂಡಿ ತಟ್ಟೆ ಇದ್ರೆ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ ಏನೂ ಆಗಲ್ಲ. ಝೂಮ್ ಸೆನ್ಸಿಟಿವಿಟಿ ಡಿಫಾಲ್ಟ್ 1 ಇರುತ್ತೆ, ಅದನ್ನ ಮುಟ್ಬೇಡಿ ಅಂತೀನಿ ನಾನು, ಕನಿಷ್ಠ ಎರಡು ತಿಂಗಳು. ಶಾಟ್ ಮಿಸ್ ಆದಾಗೆಲ್ಲ ಸೆಟ್ಟಿಂಗ್ಸಿಗೆ ಹೋಗೋ ಚಟ ಇದೆ ನೋಡಿ, ಅದು ಅಡುಗೆ ಕೆಟ್ರೆ ಪಾತ್ರೆ ಬದಲಾಯ್ಸೋ ಥರ.

ಸರ್ವರ್ ವಿಷ್ಯ, ನಮ್ಮ ಕಡೆಯವರಿಗೆ ಮುಂಬೈ ಇಲ್ಲ ಚೆನ್ನೈ, ಮಿಕ್ಕಿದ್ದಕ್ಕೆ ಹೋಗ್ಬೇಡಿ. ಆಮೇಲೆ ರೂಟರಿಗೆ ಯುಪಿಎಸ್ ಹಾಕ್ಸಿ. ಮ್ಯಾಚ್ ಮಧ್ಯ ಕರೆಂಟ್ ಹೋಗಿ ಕೂಲ್‌ಡೌನ್ (ಮಧ್ಯ ಬಿಟ್ಟೋದ್ರೆ ಸ್ವಲ್ಪ ಹೊತ್ತು ಆಡೋಕೆ ಬಿಡದಿರೋ ಶಿಕ್ಷೆ) ಬಿದ್ದು ಶನಿವಾರ ರಾತ್ರಿ ಪೂರ್ತಿ ಸುಮ್ನೆ ಕೂತಿರೋ ನೋವು ನಿಮಗೆ ಬೇಡ.

ಹೆಜ್ಜೆ 1: ಕಾಲು ನಿಲ್ಸಿ

ಓಡ್ತಾ ಹೊಡೆದ್ರೆ ಆವ್ಪ್ ಗುಂಡು ಎಲ್ಲಿಗೆ ಹೋಗುತ್ತೋ ಆ ಚಾಮುಂಡಿ ತಾಯಿಗೇ ಗೊತ್ತು. ಸ್ಕೋಪ್ ಹಾಕಿದ್ರೂ ಅಷ್ಟೇ, ಕಾಲು ಆಡ್ತಿದ್ರೆ ಕ್ರಾಸ್‌ಹೇರ್ (ಗುರಿ ಇಡೋ ಗೆರೆ) ಮಸುಕಾಗುತ್ತೆ, ಅದು ಗೇಮು ನಿಮಗೆ ಈಗ ಹೊಡೀಬೇಡ ಅಂತ ಹೇಳ್ತಿರೋದು. ಸ್ಕೋಪ್ ಹಾಕಿದ ಆ ಕ್ಷಣದಲ್ಲೂ ಮಸುಕಿರುತ್ತೆ, ಒಂದು ಚೂರು ತಡೆದ್ರೆ ಗೆರೆ ಸ್ಪಷ್ಟ ಆಗುತ್ತೆ, ಆಮೇಲೆ ಗುಂಡು ನೆಟ್ಟಗೆ ಹೋಗುತ್ತೆ. ಕ್ವಿಕ್ ಸ್ಕೋಪ್ ಅಂತ ಎಲ್ಲರೂ ಬಾಯಿ ಬಿಟ್ಕೊಂಡು ನೋಡ್ತಾರಲ್ಲ, ಅದು ಈ ತಡೆಯೋದನ್ನ ಅತಿ ಕಮ್ಮಿ ಮಾಡೋದು ಅಷ್ಟೇ, ಮಂತ್ರ ಏನಿಲ್ಲ.

ನಿಲ್ಸೋದು ಹೆಂಗೆ ಅಂದ್ರೆ, ಎಡಕ್ಕೆ ಎ ಒತ್ತಿ ಓಡ್ತಿದ್ರೆ ಎ ಬಿಟ್ಟು ಒಂದು ಸಲ ಡಿ ಟಕ್ ಅಂತ ಮುಟ್ಟಿ. ಬರೀ ಎ ಬಿಟ್ರೆ ಆಸಾಮಿ ಸ್ವಲ್ಪ ಜಾರ್ಕೊಂಡು ಹೋಗಿ ನಿಲ್ತಾನೆ, ಡಿ ಮುಟ್ಟಿದ್ರೆ ಗಕ್ಕಂತ ನಿಲ್ತಾನೆ. ಕೌಂಟರ್ ಸ್ಟ್ರೇಫ್ ಅಂತಾರೆ. ಕಂಪ್ಯೂಟರೇ ಆಡಿಸೋ ಬಾಟ್‌ಗಳ ಜೊತೆ ಪ್ರಾಕ್ಟೀಸ್ ಮ್ಯಾಚ್ ಹಾಕ್ಕೊಂಡು ದಿನಾ 15 ನಿಮಿಷ ಇದೊಂದೇ ಮಾಡಿ: ಓಡು, ನಿಲ್ಸು, ಸ್ಕೋಪು, ಹೊಡಿ. ಕಿಲ್ ಲೆಕ್ಕ ಹಾಕ್ಬೇಡಿ. ನಮ್ಮ ಹುಡುಗ ಮೊದಲ ವಾರ "ಅಣ್ಣ ಬೋರು" ಅಂದ, ಎರಡನೇ ವಾರ ಬೆರಳೇ ಮಾಡ್ತಿತ್ತು.

ಒಂದು ಮಾತು, ಸ್ಕೋಪಲ್ಲಿ ಎರಡು ಹಂತ ಇದೆ, ರೈಟ್ ಕ್ಲಿಕ್ ಒಂದ್ಸಲ ಒತ್ತಿದ್ರೆ ಸಣ್ಣ ಝೂಮು, ಎರಡ್ಸಲ ಒತ್ತಿದ್ರೆ ದೊಡ್ಡದು. ದೊಡ್ಡದನ್ನ ಮರ್ತುಬಿಡಿ ಸದ್ಯಕ್ಕೆ. ಅದರಲ್ಲಿ ಶತ್ರು ಮೂಗು ಕಾಣುತ್ತೆ, ಪಕ್ಕದಿಂದ ಬರೋ ಇನ್ನೊಬ್ಬ ಕಾಣಲ್ಲ.

ಹೆಜ್ಜೆ 2: ಕಾಯೋದು

ರಂಗನತಿಟ್ಟಿಗೆ ಹೋಗಿದೀರಲ್ವಾ, ಅಲ್ಲಿ ದೊಡ್ಡ ಲೆನ್ಸ್ ಹಾಕ್ಕೊಂಡು ಬರೋರನ್ನ ನೋಡಿ. ಹೊಸಬರು ಮಿಂಚುಳ್ಳಿ ಹಾರಿದ ಕಡೆಗೆಲ್ಲ ಕ್ಯಾಮೆರಾ ತಿರುಗಿಸ್ತಿರ್ತಾರೆ, ಮನೆಗೆ ಬಂದು ನೋಡಿದ್ರೆ ಬರೀ ನೀರಿನ ಫೋಟೋ. ಹಳಬರು ಅದು ಬಂದು ಕೂರೋ ಕೊಂಬೆ ಗುರುತು ಮಾಡಿ ಅಲ್ಲೇ ಫೋಕಸ್ ಇಟ್ಟು ಸುಮ್ನಿರ್ತಾರೆ. ಆವ್ಪಲ್ಲಿ ಆ್ಯಂಗಲ್ ಹೋಲ್ಡ್ ಮಾಡೋದು ಅಂದ್ರೆ ಅದೇ, ಆದ್ರೆ ಕ್ರಾಸ್‌ಹೇರ್ ಎಲ್ಲಿಡ್ಬೇಕು ಅನ್ನೋದ್ರಲ್ಲಿ ಮುಕ್ಕಾಲು ಜನ ಎಡವ್ತಾರೆ, ಗೋಡೆ ಅಂಚಿಗೇ ಅಂಟಿಸಿಡ್ತಾರೆ.

ಯಾಕೆ ತಪ್ಪು ಅಂತ ಲೆಕ್ಕ ಹಾಕಿ ತೋರಿಸ್ತೀನಿ. ಎಕೆ ಹಿಡಿದು ಓಡೋನ ಸ್ಪೀಡು ಸೆಕೆಂಡಿಗೆ 215 ಯುನಿಟ್. ಕಣ್ಣು ನೋಡಿ ಬೆರಳು ಒತ್ತೋಕೆ ಆರೋಗ್ಯವಾಗಿರೋ ಮನುಷ್ಯಂಗೆ 0.2 ಸೆಕೆಂಡಾದ್ರೂ ಬೇಕು. ಅಷ್ಟರಲ್ಲಿ ಅವನು 43 ಯುನಿಟ್ ಮುಂದೆ ಬಂದಿರ್ತಾನೆ. ಗೇಮಲ್ಲಿ ಒಬ್ಬ ಆಟಗಾರನ ಅಗಲ 32 ಯುನಿಟ್. ಅಂದ್ರೆ ಅಂಚಲ್ಲಿ ಅವನನ್ನ ನೋಡಿ ನೀವು ಕ್ಲಿಕ್ ಮಾಡೋ ಹೊತ್ತಿಗೆ ಅವನ ಇಡೀ ದೇಹ ನಿಮ್ಮ ಕ್ರಾಸ್‌ಹೇರ್ ದಾಟಿ ಹೋಗಿರುತ್ತೆ, ನೀವು ಹೊಡೆದಿದ್ದು ಅವನ ಹಿಂದಿನ ಗಾಳಿಗೆ. ಅಗ್ರಹಾರ ಸರ್ಕಲ್ ಹತ್ರ ಗಲ್ಲಿಯಿಂದ ಬೈಕ್ ನುಗ್ತಾವಲ್ಲ, ಹಂಗೆ. ಗಲ್ಲಿ ಬಾಯಲ್ಲಿ ಕಾಣಿಸ್ತು ಅನ್ನೋಷ್ಟರಲ್ಲಿ ರಸ್ತೆ ಮಧ್ಯದಲ್ಲಿರುತ್ತೆ.

ಅದಕ್ಕೆ ಗೋಡೆ ಅಂಚಿಂದ ಸುಮಾರು ಒಂದೂವರೆ ಆಳಿನ ಅಗಲ ಬಿಟ್ಟು ಕ್ರಾಸ್‌ಹೇರ್ ಇಡಿ. ಹೆದರ್ಕೊಂಡು ಇಣುಕೋನು ಅನ್ಸಿದ್ರೆ ಸ್ವಲ್ಪ ಹತ್ರಕ್ಕೆ, ನುಗ್ಗೋನು ಅನ್ಸಿದ್ರೆ ಇನ್ನೂ ದೂರಕ್ಕೆ. ಒಂದು ಮ್ಯಾಚಲ್ಲಿ ನಾಲ್ಕೈದು ರೌಂಡ್ ಆದ್ಮೇಲೆ ಯಾರು ಹೆಂಗೆ ಬರ್ತಾರೆ ಅಂತ ಗೊತ್ತಾಗಿರುತ್ತೆ, ಆ ಗ್ಯಾಪನ್ನ ರೌಂಡ್ ರೌಂಡಿಗೂ ಬದಲಾಯ್ಸೋದೇ ನಿಜವಾದ ಆಟ.

ಇನ್ನೊಂದು ಕಿರಿಕಿರಿ ಇದೆ. ನುಗ್ಗಿ ಬರೋನ ಕಂಪ್ಯೂಟರಲ್ಲಿ ನೀವು ಕಾಣೋದು ಮೊದ್ಲು, ಅವನು ನಿಮಗೆ ಕಾಣೋದು ನೆಟ್ ದಾಟಿ ಬಂದ್ಮೇಲೆ, ಪೀಕರ್ಸ್ ಅಡ್ವಾಂಟೇಜ್ ಅಂತಾರಲ್ಲ ಅದು. ಇದನ್ನ ನೀವು ನಾನು ಸರಿ ಮಾಡೋಕಾಗಲ್ಲ. ಆದ್ರೆ ಅವನಿಗೆ ಅಭ್ಯಾಸ ಇಲ್ಲದ ಜಾಗದಲ್ಲಿ ನಿಂತ್ರೆ ಅವನು ಕ್ರಾಸ್‌ಹೇರ್ ಹುಡುಕೋಕೆ ತಗೊಳ್ಳೋ ಟೈಮಲ್ಲಿ ಆ ಲಾಭ ಕರಗಿಹೋಗುತ್ತೆ.

ಮತ್ತೆ ಸ್ಕೋಪ್ ಹಾಕ್ಕೊಂಡೇ ಒಂದು ನಿಮಿಷ ಕೂತ್ಕೋಬೇಡಿ. ಕಣ್ಣು ಸೋತು ಸರಿಯಾಗಿ ಅವನು ಬರೋ ಟೈಮಿಗೆ ರೆಪ್ಪೆ ಮುಚ್ಚುತ್ತೆ, ನನಗೆ ಎಷ್ಟು ಸಲ ಆಗಿದೆ ಅಂದ್ರೆ ಹೇಳ್ಬೇಡಿ. ಹತ್ತು ಸೆಕೆಂಡ್ ನೋಡಿ, ತೆಗೀರಿ, ಮ್ಯಾಪ್ ನೋಡಿ, ಹೆಜ್ಜೆ ಸದ್ದು ಕೇಳಿ, ಮತ್ತೆ ಹಾಕಿ.

ಹೆಜ್ಜೆ 3: ಹೊಡೆದಾದ ಮೇಲೆ

ಇಲ್ಲಿಗೆ ಬರೋಕೇ ಇಷ್ಟೊತ್ತು ಮಾತಾಡಿದ್ದು. ರೂಲು ಒಂದೇ: ಸ್ಕೋಪ್ ಹಾಕೋ ಮುಂಚೆ ವಾಪಸ್ ಹೋಗೋ ದಾರಿ ನೋಡ್ಕೋಬೇಕು. ಗುಂಡು ತಾಗ್ಲಿ ಬಿಡ್ಲಿ, ಕ್ಲಿಕ್ ಆದ ತಕ್ಷಣ ಕಾಲು ಗೋಡೆ ಹಿಂದಕ್ಕೆ. ತಾಗಿದ್ಯಾ ಇಲ್ವಾ ಅಂತ ನಿಂತು ನೋಡೋ ಆಸೆ ಬರುತ್ತೆ, ಬಂದೇ ಬರುತ್ತೆ, ಅದನ್ನ ಕಿಲ್ ಫೀಡಲ್ಲಿ (ಯಾರು ಯಾರನ್ನ ಹೊಡೆದ್ರು ಅಂತ ಸ್ಕ್ರೀನ್ ಮೂಲೇಲಿ ಬರೋ ಪಟ್ಟಿ) ಓದ್ಕೊಂಡ್ರಾಯ್ತು.

ಹೊಡೆದ ಮೇಲೆ ಗೇಮು ಸ್ಕೋಪ್ ತೆಗೆದು, ಬೋಲ್ಟ್ ಎಳೆದು, ತಾನಾಗೇ ಮತ್ತೆ ಸ್ಕೋಪ್ ಹಾಕುತ್ತೆ. ಆಗ ನಿಮ್ಮ ಸ್ಪೀಡು ಪುನಃ 100ಕ್ಕೆ ಬೀಳುತ್ತೆ, ಕೆಸರಲ್ಲಿ ನಡೆದಂಗೆ. ಅದನ್ನ ತಪ್ಪಿಸೋಕೇ ಎಲ್ಲರೂ ಕ್ಯೂ ಒತ್ತಿ ಬೇರೆ ಆಯುಧಕ್ಕೆ ಹೋಗಿ ವಾಪಸ್ ಬರೋದು. ಹಳೇ ಆಟಗಾರರು ಹಿಂಗೆ ಮಾಡಿದ್ರೆ ಎರಡನೇ ಗುಂಡು ಬೇಗ ಬರುತ್ತೆ ಅಂತಾರೆ, ಈಗ ಆ ಆಸೆ ಇಟ್ಕೋಬೇಡಿ, ಲಾಭ ಇರೋದು ಕಾಲಿಗೆ. ಚಾಕು ಹಿಡಿದು ಒಂದೂವರೆ ಸೆಕೆಂಡು ಓಡಿದ್ರೆ 350 ಯುನಿಟ್ ಮೇಲೆ ದೂರ ಹೋಗಿರ್ತೀರ, ಅಂದ್ರೆ ಎದುರಿನವನು ನಿಮ್ಮ ಹಳೇ ಜಾಗಕ್ಕೆ ಗುಂಡು ಸುರೀತಿರೋವಾಗ ನೀವು ಬೇರೆ ಮೂಲೇಲಿ ಬೋಲ್ಟ್ ಎಳೆದು ರೆಡಿ.

ಮಿರಾಜ್ ಮ್ಯಾಪಲ್ಲಿ ಹೇಳ್ತೀನಿ ಸುಲಭ ಆಗುತ್ತೆ. ಸಿಟಿ (ಕೌಂಟರ್ ಟೆರರಿಸ್ಟ್) ಕಡೆ ಆಡೋವಾಗ ಮಿಡ್ (ಮ್ಯಾಪಿನ ಮಧ್ಯಭಾಗ) ನೋಡೋ ಕಿಟಕಿ ಇದೆ, ಸ್ನೈಪರ್ಸ್ ನೆಸ್ಟ್ ಅಂತಾನೇ ಹೆಸರು. ಎಲ್ಲ ಹೊಸಬರೂ ಅಲ್ಲೇ ಹೋಗಿ ಕೂರೋದು. ಟೆರರಿಸ್ಟ್‌ಗಳಿಗೂ ಅದು ಗೊತ್ತು, ಅದಕ್ಕೇ ರೌಂಡ್ ಶುರುವಾದ ತಕ್ಷಣ ಆ ಕಿಟಕಿಗೆ ಸ್ಮೋಕ್ (ಹೊಗೆ ಬಾಂಬ್) ಬೀಳುತ್ತೆ. ಸ್ಮೋಕ್ ಬೀಳೋ ಮುಂಚೆ ಒಂದು ಶಾಟ್ ಸಿಕ್ರೆ ತಗೊಳ್ಳಿ, ತಾಗಿದ್ರೆ ಲಾಟರಿ, ಇಲ್ಲಾಂದ್ರೂ ಅಲ್ಲಿರ್ಬೇಡಿ, ಮಾರ್ಕೆಟ್ ಕಡೆ ಇಳಿದು ಹೋಗ್ಬಿಡಿ ಇಲ್ಲ ಕನೆಕ್ಟರ್ ಕಡೆಗೆ ಸುತ್ಕೊಂಡು ಬನ್ನಿ. ನಮ್ಮ ಹುಡುಗ ಸ್ಮೋಕ್ ಒಳಗೇ ನಿಂತು ಅದು ಕರಗೋವರೆಗೂ ಕಾಯ್ತಿದ್ದ, "ಇದು ನನ್ ಜಾಗ ಅಣ್ಣ" ಅಂತ. ಇದೇನು ಮಂಡ್ಯ ಬಸ್ಸಲ್ಲಿ ಟವಲ್ ಹಾಕಿ ಹಿಡಿದ ಸೀಟೇನ್ಲಾ ಅಂದೆ. ಇನ್‌ಫರ್ನೋದ ಬನಾನಾದಲ್ಲೂ ಇದೇ ಕಥೆ, ಅಲ್ಲಿ ಸ್ಮೋಕಿಗಿಂತ ಮಾಲಟಾವ್ (ಬೆಂಕಿ ಬಾಟಲಿ) ಜಾಸ್ತಿ, ಒಂದು ಶಾಟ್ ಹೊಡ್ದು ಹಿಂದಕ್ಕೆ ಬರದಿದ್ರೆ ರೋಸ್ಟ್ ಆಗ್ತೀರ.

ಇದನ್ನ ಪ್ರಾಕ್ಟೀಸ್ ಮಾಡೋ ವಿಧಾನ ನಾನೇ ಕಂಡ್ಕೊಂಡಿದ್ದು: ಡೆತ್‌ಮ್ಯಾಚಿಗೆ (ಸತ್ರೂ ತಕ್ಷಣ ಮತ್ತೆ ಹುಟ್ಟಿ ಆಡೋ ಮೋಡ್) ಹೋಗಿ, ಒಂದು ಜಾಗದಿಂದ ಒಂದೇ ಶಾಟ್. ತಾಗಿದ್ರೂ ಒಂದೇ, ತಾಗದಿದ್ರೂ ಒಂದೇ, ಜಾಗ ಬದಲಾಯಿಸದೇ ಎರಡನೇ ಗುಂಡು ಹೊಡೆಯಂಗಿಲ್ಲ. ಸ್ಕೋರ್ ಬೋರ್ಡಲ್ಲಿ ಕೊನೇಲಿರ್ತೀರ, ಯಾರಾದ್ರೂ ಹಿಂದೀಲಿ ಬೈತಾರೆ, ಮ್ಯೂಟ್ ಮಾಡಿ. ಎರಡು ವಾರ.

ಮಿಸ್ ಆಗಿ, ಓಡೋಕೂ ಜಾಗ ಇಲ್ದೆ, ಎದುರಿಗೇ ಬಂದ್ಬಿಟ್ನಾ? ಪಿಸ್ತೂಲ್ ತೆಗೀರಿ. ಒಂದೂವರೆ ಸೆಕೆಂಡು ಬೋಲ್ಟಿಗೆ ಕಾಯೋದಕ್ಕಿಂತ ಅದು ಬೇಗ. ಕೈಲಿ 700 ಉಳಿದಿದ್ರೆ ಡೀಗಲ್ ಪಿಸ್ತೂಲ್ ತಗೊಂಡಿರಿ, ಇಲ್ಲಾಂದ್ರೆ ಇರೋ ಪಿಸ್ತೂಲಲ್ಲೇ ತಲೆಗೆ ನೋಡಿ ಹೊಡೀರಿ.

ನೋ ಸ್ಕೋಪ್ ಬಗ್ಗೆ

ಕೇಳೇ ಕೇಳ್ತೀರ ಅಂತ ಗೊತ್ತು. 2016ರಲ್ಲಿ ಕೊಲೋನ್ ಟೂರ್ನಮೆಂಟಲ್ಲಿ ಟೀಮ್ ಲಿಕ್ವಿಡ್‌ಗೆ ಆಡ್ತಿದ್ದ ಸಿಂಪಲ್ ಅನ್ನೋ ಆಟಗಾರ, ಕ್ಯಾಶ್ ಮ್ಯಾಪಲ್ಲಿ ಮೇಲಿಂದ ಹಾರಿ ಬೀಳ್ತಾ ಸ್ಕೋಪ್ ಇಲ್ದೆ ಹೊಡೆದ, ಆಮೇಲೆ ವಾಲ್ವ್‌ನವರು ಅದೇ ಮ್ಯಾಪಿನ ಗೋಡೆ ಮೇಲೆ ಅದರ ಚಿತ್ರ ಬರೆಸಿದ್ರು. ಅಂಥದ್ದು ಅಪರೂಪಕ್ಕೆ ಆಗೋದಕ್ಕೇ ಗೋಡೆ ಮೇಲೆ ಚಿತ್ರ ಬಂದಿರೋದು. ತೀರ ಮೂಗಿನ ತುದಿಗೆ ಬಂದಾಗ ಬಿಟ್ಟು ಮಿಕ್ಕಿದ್ದಕ್ಕೆ ನೋ ಸ್ಕೋಪ್ ಬೇಡ. ಹಂಗೇ 2015ಕ್ಕಿಂತ ಹಳೇ ವಿಡಿಯೋಗಳನ್ನ, ಆವ್ಪಿಗೇ ಹೆಸರಾದ ಕೆನ್ನಿಎಸ್ ಅನ್ನೋ ಆಟಗಾರನವು, ನೋಡಿ ಖುಷಿ ಪಡಿ, ಕಾಪಿ ಮಾಡ್ಬೇಡಿ, ಆ ವರ್ಷ ಸ್ಕೋಪ್ ಹಾಕಿದಾಗಿನ ಸ್ಪೀಡು 150ರಿಂದ 100ಕ್ಕೆ ಇಳಿಸಿದ್ರು, ಅವನು ಆಡಿದ್ದು ಬೇರೇ ಗನ್ನು ಅಂತಾನೇ ಇಟ್ಕೊಳ್ಳಿ.

ಸ್ಕೌಟ್ ಅನ್ನೋ ಅಗ್ಗದ ಸ್ನೈಪರ್ ಗನ್ನಲ್ಲಿ ಕಲ್ತು ಆಮೇಲೆ ಆವ್ಪಿಗೆ ಬರ್ತೀನಿ ಅನ್ನೋರಿಗೂ ಒಂದು ಮಾತು. 1700ಕ್ಕೆ ಸಿಗುತ್ತೆ, ಹಗುರ ಇದೆ, ನಿಜ. ಆದ್ರೆ ಸ್ಕೌಟು ಹಾರ್ತಾ ಹೊಡಿಯೋದು, ಕುಣೀತಾ ಹೊಡಿಯೋದು ಎಲ್ಲ ಕಲಿಸುತ್ತೆ, ಎದೆಗೆ ಬಿದ್ರೆ ಸಾಯಲ್ಲ ಅಂತ ತಲೆಗೇ ನೋಡೋ ಅಭ್ಯಾಸ ಆಗುತ್ತೆ. ಆವ್ಪಲ್ಲಿ ಎರಡನ್ನೂ ಮರೀಬೇಕು. ದುಡ್ಡಿಲ್ಲದ ರೌಂಡಿಗೆ ಸ್ಕೌಟ್ ಓಕೆ, ಪಾಠಕ್ಕೆ ಬೇಡ.

ಹೆಜ್ಜೆ 4: ಟೀಮಿನ ದುಡ್ಡು

ಆವ್ಪ್ 4750, ಬರೀ ವೆಸ್ಟ್ 650, ಕೂಡಿದ್ರೆ 5400. ಎಕೆ 2700. ಅಂದ್ರೆ ನೀವೊಬ್ರು ಎರಡು ಎಕೆ ದುಡ್ಡು ಹೆಗಲ ಮೇಲೆ ಹಾಕ್ಕೊಂಡು ಓಡಾಡ್ತಿದೀರ. ರೌಂಡ್ ಸೋತ್ರೆ ಸತತವಾಗಿ ಸೋತ ಮೇಲೂ ಗರಿಷ್ಠ ಸಿಗೋದು 3400, ಆವ್ಪಲ್ಲಿ ಒಂದು ಕಿಲ್ಲಿಗೆ ಬರೀ 100, ರೈಫಲಲ್ಲಾದ್ರೆ 300. ಸತ್ತು ಗನ್ ಕಳ್ಕೊಂಡ್ರೆ ಕಿಲ್ ಮಾಡಿ ದುಡ್ಡು ಹುಟ್ಟಿಸ್ತೀನಿ ಅನ್ನೋ ಮಾತಿಲ್ಲ. ಸಿಎಸ್ 2ರಲ್ಲಿ 13 ರೌಂಡ್ ಗೆದ್ರೆ ಮ್ಯಾಚ್ ಮುಗೀತು, ಒಂದು ಅರ್ಧದಲ್ಲಿ 12 ರೌಂಡಷ್ಟೇ, ಎರಡು ಸಲ ಆವ್ಪ್ ಕಳ್ಕೊಂಡ್ರೆ ಆ ಅರ್ಧ ಪೂರ್ತಿ ಸಾಲದಲ್ಲೇ ಇರ್ತೀರ.

ಅದಕ್ಕೆ ನಾಚಿಕೆ ಬಿಟ್ಟು ಸೇವ್ ಮಾಡಿ, ಅಂದ್ರೆ ರೌಂಡ್ ಬಿಟ್ಕೊಟ್ಟು ಗನ್ ಉಳಿಸ್ಕೊಳ್ಳಿ. ನೀವೊಬ್ರೇ ಉಳಿದು ಎದುರಿಗೆ ಮೂರು ಜನ, ಬಾಂಬ್ ಬೇರೆ ಇಟ್ಟಾಗಿದೆ ಅಂದ್ರೆ ಮೂಲೆ ಸೇರ್ಕೊಳ್ಳಿ. "ಹೇಡಿ" ಅಂತಾರೆ, ಅನ್ಲಿ. ಮುಂದಿನ ರೌಂಡಲ್ಲಿ ಉಳಿದ 4750ರಲ್ಲಿ ಅದೇ ಬೈದವನಿಗೆ ಎಂ4 ರೈಫಲ್ ಡ್ರಾಪ್ ಮಾಡಿ, ಬಾಯಿ ಮುಚ್ತಾನೆ. ಮತ್ತೆ ನಿಮಗಿಂತ ಚೆನ್ನಾಗಿ ಆವ್ಪ್ ಹೊಡಿಯೋನು ಟೀಮಲ್ಲಿ ಇದ್ರೆ ಅವನಿಗೇ ಬಿಡಿ, ಒಂದು ಟೀಮಿಗೆ ಒಂದು ಸಾಕು, ಎರಡಾದ್ರೆ ನುಗ್ಗೋಕೆ ಜನ ಇರಲ್ಲ.

ಬಾಯಿ ಕೂಡ ಆಟದ ಭಾಗ. ನೀವು ಹೊಡೆದು ಹಿಂದೆ ಬರೋ ಆ ಒಂದೂವರೆ ಸೆಕೆಂಡು ನಿಮ್ಮ ಕಡೆ ಬಾಗಿಲು ತೆರೆದಿಟ್ಟಂಗೆ ಇರುತ್ತೆ, ಅದನ್ನ ಪಕ್ಕದವನಿಗೆ ಹೇಳಿ. "ಮಿಡ್ ಒಬ್ಬ ಹೋದ, ನಾನು ಹಿಂದೆ ಬಂದೆ, ನೀನು ನೋಡ್ಕೋ" ಇಷ್ಟೇ. ನಾನೂ ಹುಡುಗನೂ ಒಟ್ಟಿಗೆ ಆಡೋವಾಗ ಅವನು ಎಕೆ ಹಿಡಿದು ನನ್ನಿಂದ ಹತ್ತು ಹೆಜ್ಜೆ ಹಿಂದೆ ಇರ್ತಾನೆ, ನನ್ನ ಗುಂಡಿನ ಸದ್ದು ಕೇಳಿದ ತಕ್ಷಣ ಅವನು ಮುಂದೆ ನಾನು ಹಿಂದೆ. ಶಾಟ್ ಮಿಸ್ ಆಗಿದೆ ಅಂತ ಖುಷೀಲಿ ನುಗ್ಗಿ ಬರೋನು ಸೀದಾ ಅವನ ಬಾಯಿಗೆ ಬೀಳ್ತಾನೆ. ನಮ್ಮಿಬ್ಬರ ಅರ್ಧಕ್ಕರ್ಧ ಕಿಲ್ಲು ನಾನು ಮಿಸ್ ಮಾಡಿದ ಗುಂಡಿಂದಾನೇ ಬಂದಿರೋದು ಅಂತ ಆಡ್ಕೋತಾನೆ ಬಡ್ಡಿಮಗ.

ಹೆಜ್ಜೆ 5: ನಿಮ್ಮ ಡೆಮೊ ನೀವೇ ನೋಡಿ

ಡೆಮೊ ಅಂದ್ರೆ ಆಡಿದ ಮ್ಯಾಚಿನ ರೆಕಾರ್ಡಿಂಗು. ವಾರಕ್ಕೆ ಒಂದು ಮ್ಯಾಚ್ ಸಾಕು, ಸೋತಿದ್ದೇ ಆಗ್ಲಿ. ವಾಚ್ ಟ್ಯಾಬಲ್ಲಿ ಡೌನ್‌ಲೋಡ್ ಮಾಡ್ಕೊಂಡು ನಿಮ್ಮ ಸಾವುಗಳನ್ನ ಮಾತ್ರ ನೋಡಿ, ಕಿಲ್ಲುಗಳನ್ನ ಆಮೇಲೆ ಸ್ಟೇಟಸ್ಸಿಗೆ ಹಾಕ್ಕೊಳ್ಳಿ. ಒಂದು ಹಳೇ ನೋಟ್‌ಬುಕ್ಕಲ್ಲಿ ಮೂರು ಗೆರೆ ಎಳೀರಿ: ಹೊಡೆಯೋ ಮುಂಚೆ ಸತ್ತಿದ್ದು, ಹೊಡೆದು ಒಂದೂವರೆ ಸೆಕೆಂಡೊಳಗೆ ಸತ್ತಿದ್ದು, ಅದಾದ್ಮೇಲೆ ಸತ್ತಿದ್ದು. ಮೊದಲ ಸಾಲು ಉದ್ದ ಇದ್ರೆ ಕ್ರಾಸ್‌ಹೇರ್ ಇಡೋ ಜಾಗ ತಪ್ಪು, ಎರಡನೇ ಹೆಜ್ಜೆಗೆ ವಾಪಸ್ ಹೋಗಿ. ಮೂರನೇದು ಉದ್ದ ಇದ್ರೆ ಹೆಚ್ಚುಕಮ್ಮಿ ಟೀಮಿನ ಸಮಸ್ಯೆ, ಇಲ್ಲ ಸೇವ್ ಮಾಡೋ ಟೈಮಲ್ಲಿ ಮಾಡಿಲ್ಲ.

ಹುಡುಗನ ಮೊದಲ ಡೆಮೊದಲ್ಲಿ 17 ಸಾವು, 11 ಮಧ್ಯದ ಸಾಲಲ್ಲಿ. ನನ್ನದೂ ಬರೆದ, 16ರಲ್ಲಿ 12. ಆ ಹಾಳೆ ಇನ್ನೂ ಮಾನಿಟರ್ ಪಕ್ಕ ಅಂಟಿಸಿದಾನೆ, ನಂದು ಮೇಲೆ ಬರೋ ಥರ.